14ನೇ ವಾರದ ಲಸಿಕೆಯ ದಿನ ಒಂದು ಪ್ರಶ್ನೆ ಕೇಳಿ: ಶಿವಮೊಗ್ಗ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳೇ,

ನಮಸ್ಕಾರ. ನಾನು ತೀರ್ಥಹಳ್ಳಿ ತಾಲ್ಲೂಕಿನವಳು. ಎರಡು ಮಕ್ಕಳ ತಾಯಿ. ಈ ಪತ್ರವನ್ನು ಅಂಚೆಯಲ್ಲಿ ನಿಮ್ಮ ಕಚೇರಿಗೇ ಹಾಕಬಹುದಿತ್ತು. ಆದರೆ ಇದು ಹೆಂಗಸರು ಗಂಡನ ಹತ್ತಿರವೂ ಹೇಳದ ವಿಷಯ. ಲಕೋಟೆಗೆ ಅಂಟು ಹಚ್ಚಿ ಕಳಿಸಿದರೆ ಮತ್ತೊಂದು ಸಲ ಮುಚ್ಚಿಟ್ಟ ಹಾಗಾಗುತ್ತದೆ. ಅದಕ್ಕೇ ಎಲ್ಲರೂ ಓದಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಹೆರಿಗೆ ಆದಮೇಲೆ ಕೆಮ್ಮಿದರೆ, ಸೀನಿದರೆ, ಜೋರಾಗಿ ನಕ್ಕರೆ, ಭಾರ ಎತ್ತಿದರೆ ಮೂತ್ರ ಸೋರುತ್ತದಲ್ಲ, ಅದರ ಬಗ್ಗೆ ಈ ಪತ್ರ.

ಕಳೆದ ಸುಗ್ಗಿಯ ಒಂದು ರಾತ್ರಿಯಿಂದ ಶುರು ಮಾಡುತ್ತೇನೆ. ನಮ್ಮ ಮನೆಯ ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದೆವು. ಒಂಬತ್ತು ಜನ ಹೆಂಗಸರು, ಒಂಬತ್ತು ಮೆಟ್ಟುಗತ್ತಿ. ಅಡಿಕೆ ಸುಲಿಯುವಾಗ ಕೈಗೆ ಕೆಲಸ, ಬಾಯಿಗೆ ಪೂರ್ತಿ ರಜೆ. ಯಾರೋ ತಮ್ಮ ಮಾವನ ಹಲ್ಲುಸೆಟ್ಟಿನ ಕಥೆ ಹೇಳಿದರು. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಅಷ್ಟರಲ್ಲಿ ನಮ್ಮ ಪಕ್ಕದ ಮನೆಯಾಕೆ ತೊಡೆ ಕೂಡಿಸಿಕೊಂಡು, "ಸಾಕು ಮಾರಾಯ್ತಿ, ನಗಿಸ್ಬೇಡ, ನನ್ನ ಸೀರೆ ಹೋಯ್ತು" ಅಂದಳು. ಎದ್ದು ಬಚ್ಚಲಿಗೆ ಓಡಿದಳು. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಅರುವತ್ತು ದಾಟಿದ ಒಬ್ಬರು ಅಡಿಕೆ ಸುಲಿಯುತ್ತಲೇ ಹೇಳಿದರು, "ನಂಗೆ ದೊಡ್ಡವನು ಹುಟ್ಟಿದಾಗಿಂದ ಹೀಗೇಯ." ದೊಡ್ಡವನಿಗೆ ಈಗ ನಲವತ್ತು.

ಆ ರಾತ್ರಿ ಲೆಕ್ಕ ಹಾಕಿದೆವು. ಒಂಬತ್ತರಲ್ಲಿ ಐದು ಜನಕ್ಕೆ ಇತ್ತು. ಅದರಲ್ಲಿ ನಾನೂ ಒಬ್ಬಳು. ಐದೂ ಜನ ವರ್ಷಗಟ್ಟಲೆ ಅಕ್ಕಪಕ್ಕ ಕೂತವರು. ಒಬ್ಬರ ಹೆರಿಗೆಗೆ ಇನ್ನೊಬ್ಬರು ಮೆಂತೆ ಉಂಡೆ ಕಟ್ಟಿಕೊಟ್ಟವರು. ಇದೊಂದನ್ನು ಮಾತ್ರ ಯಾರೂ ಯಾರಿಗೂ ಹೇಳಿರಲಿಲ್ಲ.

ನಮ್ಮ ಅಂಗಳದ್ದು ಏನೋ ವಿಶೇಷ ಅಂತ ತಿಳಿಯಬೇಡಿ. ಲೋಕದ ಲೆಕ್ಕ ನೋಡಿದರೂ ಹೆತ್ತವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಈ ತೊಂದರೆ ಇದೆ. ಸಿಸೇರಿಯನ್ ಆದವರಿಗೆ ಸ್ವಲ್ಪ ಕಡಿಮೆ, ಆದರೆ ಅವರೂ ಪೂರ್ತಿ ಬಚಾವಲ್ಲ. ಯಾಕೆಂದರೆ ಒಂಬತ್ತು ತಿಂಗಳು ಭಾರ ಹೊತ್ತಿದ್ದು ಅದೇ ಸ್ನಾಯು.

ನನ್ನ ಕಥೆ ಸ್ವಲ್ಪ ಹೇಳಬೇಕು. ಎರಡನೇ ಮಗು ದಪ್ಪ ಇತ್ತು. ತುಂಬಾ ಹೊತ್ತು ಮುಕ್ಕಬೇಕಾಯಿತು, ಹೊಲಿಗೆಯೂ ಬಿತ್ತು. ಆಮೇಲೆ ತವರಿನಲ್ಲಿ ಮೂರು ತಿಂಗಳ ಬಾಣಂತನ. ಅಮ್ಮ ಏನೂ ಕಮ್ಮಿ ಮಾಡಲಿಲ್ಲ. ಬಚ್ಚಲ ಹಂಡೆಯ ತುಂಬ ಕುದಿಯುವ ನೀರು, ಎಣ್ಣೆ, ಕಾಳುಮೆಣಸಿನ ಸಾರು, ಕಿವಿಗೆ ಹತ್ತಿ, ಹೊಟ್ಟೆಗೆ ಹಳೇ ಸೀರೆಯ ಕಟ್ಟು. ಆ ಆರೈಕೆ ಇವತ್ತಿಗೂ ನೆನಪಾಗುತ್ತದೆ. ಆದರೆ ಹೊಟ್ಟೆಗೆ ಕಟ್ಟು ಕಟ್ಟಿದ್ದರಿಂದ ಕೆಳಗಿನ ಸ್ನಾಯು ಗಟ್ಟಿಯಾಗುವುದಿಲ್ಲ. ಇನ್ನೊಂದು, ಬಾಣಂತಿಗೆ ನೀರು ಕೊಡಬಾರದು ಅನ್ನುವ ಪದ್ಧತಿ. ನೀರು ಕಡಿಮೆ ಮಾಡಿದರೆ ಮಲ ಗಟ್ಟಿಯಾಗುತ್ತದೆ. ಆಗ ತಿಣುಕಬೇಕು. ತಿಣುಕಿದಾಗ ಹೊಲಿಗೆ ಬಿದ್ದ ಜಾಗಕ್ಕೂ, ಮೊದಲೇ ಸೋತ ಸ್ನಾಯುವಿಗೂ ಹೊಡೆತ. ಇದನ್ನು ಅಮ್ಮನಿಗೆ ಹೇಳಿದ್ದರೆ ಖಂಡಿತ ನೀರು ಕೊಡುತ್ತಿದ್ದಳು. ಹೇಳುವವರೇ ಇರಲಿಲ್ಲ.

ಗಂಡನ ಮನೆಗೆ ವಾಪಸ್ಸು ಬಂದಾಗ ಆಷಾಢ. ನಮ್ಮ ಕಡೆ ಮಳೆ ಅಂದರೆ ನಿಮಗೆ ಗೊತ್ತೇ ಇದೆ, ಆಗುಂಬೆ ಎಷ್ಟು ದೂರ ನಮಗೆ? ಥಂಡಿ, ಬಚ್ಚಲ ಒಲೆಯ ಹೊಗೆ, ಬಿಡದ ಕೆಮ್ಮು. ಒಂದೊಂದು ಕೆಮ್ಮಿಗೂ ಬಟ್ಟೆ ಒದ್ದೆ. ಆ ಮಳೆಯಲ್ಲಿ ಬಟ್ಟೆ ಒಣಗುವುದೂ ಇಲ್ಲ. ಒಲೆಯ ಮೇಲಿನ ಹಗ್ಗದಲ್ಲಿ ಮಗುವಿನ ಬಟ್ಟೆಯ ಅಡಿಯಲ್ಲಿ ನನ್ನದನ್ನು ಮುಚ್ಚಿ ಒಣಗಿಸುತ್ತಿದ್ದೆ. ಮುಟ್ಟಿನ ಪ್ಯಾಡನ್ನು ತಿಂಗಳಿಡೀ ಹಾಕಿಕೊಳ್ಳುತ್ತಿದ್ದೆ. ತೊಡೆಸಂದು ಕೆಂಪಗಾಗಿ ಉರಿ ಹತ್ತಿತು. ಕೊಟ್ಟಿಗೆಯ ಗೊಬ್ಬರದ ಬುಟ್ಟಿ ಎತ್ತಿದರೆ ಸೋರಿತು. ಹುಲ್ಲಿನ ಹೊರೆ ಹೊತ್ತರೆ ಸೋರಿತು. ದೊಡ್ಡ ಮಗಳು ಓಡಿ ಬಂದು ತಬ್ಬಿಕೊಂಡರೂ ಸೋರಿತು.

ಶಿವಮೊಗ್ಗಕ್ಕೆ ಹೋಗುವ ಬಸ್ಸು ಹತ್ತಬೇಕಾದರೆ ಬೆಳಿಗ್ಗೆಯಿಂದ ಒಂದು ಲೋಟ ನೀರೂ ಕುಡಿಯುತ್ತಿರಲಿಲ್ಲ. ಸುಮಾರು 60 ಕಿಲೋಮೀಟರ್ ದಾರಿ. ಮಂಡಗದ್ದೆ ಬಂತಾ, ಸಕ್ರೆಬೈಲು ಬಂತಾ ಅಂತ ಎಣಿಸುವುದೇ ಕೆಲಸ. ಬೇರೆಯವರು ಕಿಟಕಿಯಿಂದ ತುಂಗೆ ನೋಡುತ್ತಾರೆ, ಆನೆ ನೋಡುತ್ತಾರೆ. ನಾನು ರಸ್ತೆಯ ಗುಂಡಿ ನೋಡುತ್ತಿದ್ದೆ, ಯಾವ ಗುಂಡಿಗೆ ಬಸ್ಸು ಕುಪ್ಪಳಿಸುತ್ತದೆ ಅಂತ. ನೀರು ಬಿಟ್ಟರೆ ಸೋರಿಕೆ ನಿಲ್ಲುತ್ತದೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ನಿಲ್ಲುವುದಿಲ್ಲ. ಮೂತ್ರ ಗಟ್ಟಿಯಾಗಿ ಮೂತ್ರಚೀಲಕ್ಕೆ ಕಿರಿಕಿರಿ ಮಾಡುತ್ತದೆ, ಇನ್ನೂ ಅವಸರ ಜಾಸ್ತಿ ಆಗುತ್ತದೆ. ಎದೆಹಾಲು ಕುಡಿಸುವ ತಾಯಿಗೆ ಬಾಯಾರಿಕೆ ಬೇರೆ.

ಕೊನೆಗೆ ಧೈರ್ಯ ಮಾಡಿ ಒಬ್ಬ ಡಾಕ್ಟರ ಹತ್ತಿರ ಹೇಳಿದೆ. ಹೆಸರು ಬೇಡ, ಊರೂ ಬೇಡ. ಅವರು ಚೀಟಿ ಬರೆಯುತ್ತಲೇ, ತಲೆ ಎತ್ತದೆ, "ಎರಡು ಹೆತ್ತಿದ್ದೀರಿ, ಇದೆಲ್ಲ ಮಾಮೂಲಿ" ಅಂದರು. ಮೂವರಲ್ಲಿ ಒಬ್ಬರಿಗೆ ಬರುವುದು ಮಾಮೂಲಿಯೇ ಇರಬಹುದು. ನೆಗಡಿ ಜ್ವರವೂ ಮಾಮೂಲಿಯೇ, ಅದಕ್ಕೆ ಮಾತ್ರೆ ಕೊಡುತ್ತಾರಲ್ವಾ? ಹೊರಗೆ ಬರುವಾಗ ನರ್ಸ್ ಒಬ್ಬರು ಪಾಪ, ಪಿಸುಮಾತಿನಲ್ಲಿ, "ಒಂದಕ್ಕೆ ಕೂತಾಗ ನಡುನಡುವೆ ನಿಲ್ಲಿಸಿ ನಿಲ್ಲಿಸಿ ಮಾಡಿ, ಸರಿ ಹೋಗುತ್ತೆ" ಅಂದರು. ಎರಡು ತಿಂಗಳು ಹಾಗೇ ಮಾಡಿದೆ. ಅದು ತಪ್ಪು ಅಂತ ಆಮೇಲೆ ಗೊತ್ತಾಯಿತು. ಯಾವ ಸ್ನಾಯು ಅಂತ ಗುರುತಿಸೋಕೆ ಒಂದು ಸಲ ಹಾಗೆ ನೋಡಬಹುದು. ದಿನಾ ಅದೇ ವ್ಯಾಯಾಮ ಅಂತ ಮಾಡಿದರೆ ಚೀಲ ಪೂರ್ತಿ ಖಾಲಿ ಆಗುವುದಿಲ್ಲ.

ಆಮೇಲೆ ಸೂಜಿ. ನೆಂಟರೊಬ್ಬರು ಹೇಳಿದರು, ಅಕ್ಯುಪಂಕ್ಚರ್ ಮಾಡಿಸು, ಅವರ ಓರಗಿತ್ತಿಯ ಮಂಡಿನೋವು ಹೋಗಿದೆ ಅಂತ. ಹೋದೆ. ಹತ್ತು ಸಲಕ್ಕೆ ಒಟ್ಟಿಗೆ ದುಡ್ಡು ಕಟ್ಟಿಸಿಕೊಂಡರು. ಅಡಿಕೆ ಮಾರಿದ ದುಡ್ಡಲ್ಲಿ ಸೊಸೈಟಿ ಸಾಲಕ್ಕೆ ತೆಗೆದಿಟ್ಟದ್ದು. ವ್ಯಾಯಾಮ ಏನಾದರೂ ಮಾಡಬೇಕಾ ಅಂತ ಕೇಳಿದೆ. "ಏನೂ ಬೇಡ, ಸೂಜಿ ಸಾಕು" ಅಂದರು. ಕಾಲಿಗೆ, ಹೊಟ್ಟೆಗೆ, ಕಿವಿಗೆ ಚುಚ್ಚಿದರು. ನಿಜ ಹೇಳಬೇಕೆಂದರೆ ಆ ಅರ್ಧ ಗಂಟೆ ಸುಖವಾಗಿತ್ತು. ಎರಡು ವರ್ಷದಲ್ಲಿ ಹಗಲು ಹೊತ್ತು ಯಾರೂ ಕರೆಯದೆ ಅರ್ಧ ಗಂಟೆ ಮಲಗಿದ್ದು ಅದೇ ಮೊದಲು. ನಿದ್ದೆ ಚೆನ್ನಾಗಿ ಬಂತು. ಸೋರುವುದು ಮಾತ್ರ ಹಾಗೇ ಇತ್ತು.

ಇಷ್ಟು ಹೇಳಿ ಅಕ್ಯುಪಂಕ್ಚರ್ ಸುಳ್ಳು ಅಂತ ಬರೆದು ಮುಗಿಸಿದರೆ ಅದು ನ್ಯಾಯ ಅಲ್ಲ. ಅದಕ್ಕೇ ಹುಡುಕಿ ಓದಿದೆ. 2017ರಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ ಚೀನಾದ ಒಂದು ದೊಡ್ಡ ಪರೀಕ್ಷೆಯ ಫಲಿತಾಂಶ ಬಂದಿದೆ. 12 ಆಸ್ಪತ್ರೆ, 504 ಹೆಂಗಸರು. ಎಲ್ಲರಿಗೂ ಕೆಮ್ಮಿದರೆ ಸೋರುವ ತೊಂದರೆ. ಅರ್ಧ ಜನಕ್ಕೆ ಸೊಂಟದ ಕೆಳಗೆ, ತ್ರಿಕಾಸ್ಥಿ ಅನ್ನುತ್ತಾರಲ್ಲ ಆ ಮೂಳೆಯ ಹತ್ತಿರ ಸೂಜಿ ಚುಚ್ಚಿ ಅದಕ್ಕೆ ಸಣ್ಣ ಕರೆಂಟ್ ಕೊಟ್ಟರು. ಉಳಿದವರಿಗೆ ಚುಚ್ಚಿದ ಹಾಗೆ ನಟನೆ ಮಾಡಿದರು. 6 ವಾರದಲ್ಲಿ 18 ಸಲ, ಒಂದೊಂದು ಸಲ ಅರ್ಧ ಗಂಟೆ. ಒಂದು ಗಂಟೆ ಪ್ಯಾಡ್ ಹಾಕಿಸಿ, ತೂಕ ಮಾಡಿ ಸೋರಿಕೆ ಅಳೆದರು. ನಿಜವಾದ ಸೂಜಿಯವರಲ್ಲಿ ಸೋರಿಕೆ 9.9 ಗ್ರಾಂ ಕಡಿಮೆ ಆಯಿತು, ನಟನೆಯವರಲ್ಲಿ 2.6 ಗ್ರಾಂ. ಇದು ಸಣ್ಣ ವ್ಯತ್ಯಾಸ ಅಲ್ಲ. ನನಗೂ ಓದಿ ಆಶ್ಚರ್ಯ ಆಯಿತು.

ಆದರೆ ಇನ್ನೂ ಸ್ವಲ್ಪ ಓದಬೇಕು. ಆ ಹೆಂಗಸರ ವಯಸ್ಸು 40ರಿಂದ 75. ನಿನ್ನೆ ಮೊನ್ನೆ ಹೆತ್ತು ಎದೆಹಾಲು ಕುಡಿಸುವವರು ಅಲ್ಲ. ಅವರಿಗೆ ಕೊಟ್ಟಿದ್ದು ಕರೆಂಟ್ ಹಾಯಿಸುವ ಸೂಜಿ, ಗೊತ್ತು ಮಾಡಿದ ಜಾಗದಲ್ಲಿ. ನನಗೆ ಕಿವಿಗೂ ಕಾಲಿಗೂ ಚುಚ್ಚಿದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ. ಆ ಪರೀಕ್ಷೆಯಲ್ಲಿ ಸೂಜಿಯನ್ನು ಹೋಲಿಸಿದ್ದು ನಟನೆಯ ಸೂಜಿಗೆ, ವ್ಯಾಯಾಮಕ್ಕಲ್ಲ. ಇನ್ನು 6 ವಾರದಲ್ಲಿ 18 ಸಲ ಅಂದರೆ ವಾರಕ್ಕೆ ಮೂರು ಸಲ. ಹೊಸನಗರದ ಒಳಗಿನ ಹಳ್ಳಿಯ ಬಾಣಂತಿ ಮಗು ಎತ್ತಿಕೊಂಡು ವಾರಕ್ಕೆ ಮೂರು ಸಲ ಶಿವಮೊಗ್ಗಕ್ಕೆ ಬರುವುದುಂಟಾ? ಶಕ್ತಿ ಯೋಜನೆಯಲ್ಲಿ ಬಸ್ ಚಾರ್ಜು ಉಳಿಯಬಹುದು. ಹಾಲು ಕರೆಯುವವರು ಯಾರು?

ಹಾಗಾಗಿ ನನ್ನ ತೀರ್ಮಾನ ಇಷ್ಟು. ಸೂಜಿ ಬೇಕಾದವರು, ಕೈಗೆಟಕುವವರು ಮಾಡಿಸಿಕೊಳ್ಳಲಿ. ಹೊಸ ಸೂಜಿಯ ಪ್ಯಾಕೆಟನ್ನು ಕಣ್ಣೆದುರೇ ಒಡೆದು ಚುಚ್ಚಬೇಕು, ಚುಚ್ಚುವವರು ಕಲಿತವರಾಗಿರಬೇಕು. ಆದರೆ "ವ್ಯಾಯಾಮ ಬೇಡ, ಸೂಜಿ ಸಾಕು" ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬರಬೇಕು. ಮೊದಲ ಚಿಕಿತ್ಸೆ ವ್ಯಾಯಾಮ. ಅದಕ್ಕೆ ಸೂಜಿ ಬೇಡ, ಕರೆಂಟು ಬೇಡ, ಬಸ್ಸೂ ಬೇಡ.

ಈಗ ಆ ವ್ಯಾಯಾಮದ ವಿಷಯ. ಪುಸ್ತಕದಲ್ಲಿ ಇದನ್ನು "ಶ್ರೋಣಿತಳದ ಸ್ನಾಯು" ಅಂತ ಬರೆಯುತ್ತಾರೆ. ಆ ಶಬ್ದ ಕೇಳಿದರೆ ನಮ್ಮ ಊರಲ್ಲಿ ಯಾರಿಗೂ ಮೈಯ ಯಾವ ಭಾಗ ಅಂತ ಹೊಳೆಯುವುದಿಲ್ಲ. ನಾನು ಜೋಲಿ ಸ್ನಾಯು ಅನ್ನುತ್ತೇನೆ. ಮಗುವಿಗೆ ಸೀರೆಯಲ್ಲಿ ಜೋಲಿ ಕಟ್ಟುತ್ತೇವಲ್ಲ, ಹಾಗೆ. ಮುಂದಿನ ಮೂಳೆಯಿಂದ ಹಿಂದಿನ ಬಾಲದ ಮೂಳೆಯವರೆಗೆ ಒಂದು ಜೋಲಿ. ಮೂತ್ರಚೀಲ, ಗರ್ಭಕೋಶ, ಕರುಳಿನ ಕೊನೆ ಎಲ್ಲ ಅದರ ಮೇಲೆ ಕೂತಿರುತ್ತವೆ. ಮಗು ಹೊರಗೆ ಬರುವಾಗ ಈ ಜೋಲಿಯ ಒಂದು ಭಾಗ ತನ್ನ ಉದ್ದದ ಮೂರು ಪಟ್ಟು ಹಿಗ್ಗಬೇಕಾಗುತ್ತದೆ ಅಂತ ಲೆಕ್ಕ ಹಾಕಿದ್ದಾರೆ. ಜೋಲಿ ಸಡಿಲ ಆದರೆ ಕೆಮ್ಮಿನ ಒತ್ತಡಕ್ಕೆ ಮೂತ್ರನಾಳ ಮುಚ್ಚಿಕೊಂಡು ನಿಲ್ಲುವುದಿಲ್ಲ. ಇಷ್ಟೇ ವಿಷಯ. ಸ್ನಾಯು ಸೋತಿದೆ, ಕೈಕಾಲಿನ ಸ್ನಾಯುವಿನ ಹಾಗೆಯೇ ಅದನ್ನೂ ಗಟ್ಟಿ ಮಾಡಬಹುದು. 1948ರಲ್ಲೇ ಅಮೆರಿಕದ ಅರ್ನಾಲ್ಡ್ ಕೆಗೆಲ್ ಅನ್ನುವ ಸ್ತ್ರೀರೋಗ ತಜ್ಞರು ಇದನ್ನು ಬರೆದಿಟ್ಟರು. ಕೆಗೆಲ್ ವ್ಯಾಯಾಮ ಅನ್ನುವ ಹೆಸರು ಅವರಿಂದ ಬಂದದ್ದು. ನಮ್ಮ ಊರಿಗೆ ಅದು ಇನ್ನೂ ತಲುಪಿಲ್ಲ.

ನನಗೆ ಇದನ್ನು ಸರಿಯಾಗಿ ಕಲಿಸಿದ್ದು ಶಿವಮೊಗ್ಗದ ಒಬ್ಬ ಫಿಸಿಯೋಥೆರಪಿಸ್ಟ್, ಹೆಣ್ಣುಮಗಳು. ನಾನು ಮೊದಲ ದಿನ, "ಬರುತ್ತೆ, ನಂಗೆ ಗೊತ್ತು" ಅಂದೆ. ಮಾಡಿ ತೋರಿಸಿ ಅಂದರು. ಬೆರಳಿಟ್ಟು ಪರೀಕ್ಷೆ ಮಾಡಿದರೆ ನಾನು ಮೇಲಕ್ಕೆ ಎಳೆಯುವ ಬದಲು ಕೆಳಕ್ಕೆ ಮುಕ್ಕುತ್ತಿದ್ದೆ! ಅಂದರೆ ಇಷ್ಟು ದಿನ ಹಾಳಾದ್ದನ್ನು ಇನ್ನೂ ಹಾಳು ಮಾಡುತ್ತಿದ್ದೆ. ಬಾಯಲ್ಲಿ ಮಾತ್ರ ಹೇಳಿಕೊಟ್ಟರೆ ಸುಮಾರು ಜನ ಹೀಗೇ ಮಾಡುತ್ತಾರಂತೆ.

ಅವರು ಹೇಳಿದ ರೀತಿ ಬರೆಯುತ್ತೇನೆ, ಓದುವ ಯಾರಿಗಾದರೂ ಉಪಯೋಗ ಆಗಲಿ. ಮೊದಲು ಮಲಗಿಕೊಂಡು, ಮಂಡಿ ಮಡಚಿ ಶುರು ಮಾಡಿ. ನೆಂಟರ ನಡುವೆ ಕೂತಾಗ ಗಾಳಿ ಹೋಗದ ಹಾಗೆ ತಡೆಯುತ್ತೀರಲ್ಲ, ಹಾಗೆ ಹಿಂದಿನದನ್ನು ಬಿಗಿ ಮಾಡಿ. ಅದೇ ಹೊತ್ತಿಗೆ ಮೂತ್ರವನ್ನೂ ತಡೆದ ಹಾಗೆ ಮುಂದಿನದನ್ನೂ ಸೇರಿಸಿ, ಒಳಕ್ಕೂ ಮೇಲಕ್ಕೂ ಎಳೆಯಿರಿ. ಬಾವಿಯಿಂದ ಕೊಡ ಮೇಲೆ ಬಂದ ಹಾಗೆ. ಉಸಿರು ಕಟ್ಟಬಾರದು. ಕುಂಡಿ, ತೊಡೆ, ಹೊಟ್ಟೆ ಬಿಗಿ ಆಗಬಾರದು. ಎಷ್ಟಾಗುತ್ತದೋ ಅಷ್ಟು ಹಿಡಿಯಿರಿ. ನನಗೆ ಮೊದಲು ಮೂರು ಎಣಿಸುವಷ್ಟೇ ಆಗಿದ್ದು. ನಿಧಾನಕ್ಕೆ ಹತ್ತರವರೆಗೆ ಬೆಳೆಸಬೇಕು. ಆಮೇಲೆ ಪೂರ್ತಿ ಬಿಡಿ. ಬಿಡುವುದೂ ವ್ಯಾಯಾಮದ ಭಾಗವೇ, ಅವಸರ ಮಾಡಬೇಡಿ. ಉದ್ದಕ್ಕೆ ಹಿಡಿಯುವುದು ಒಂದಷ್ಟು, ಚಕ್ ಅಂತ ಹಿಡಿದು ಬಿಡುವುದು ಒಂದಷ್ಟು. ಇಂಗ್ಲೆಂಡಿನ ಸರ್ಕಾರಿ ಮಾರ್ಗಸೂಚಿ 2019ರಲ್ಲಿ ಹೇಳಿದ ಪ್ರಕಾರ ಒಂದು ಸಲಕ್ಕೆ ಕನಿಷ್ಠ 8, ದಿನಕ್ಕೆ 3 ಸಲ. ಅದೂ ಕಡಿಮೆ ಅಂದರೆ 3 ತಿಂಗಳು, ತಿಳಿದವರ ಉಸ್ತುವಾರಿಯಲ್ಲಿ. ಅಲ್ಲಿ ಈ ತೊಂದರೆಗೆ ಮೊದಲು ಕೊಡುವ ಚಿಕಿತ್ಸೆಯೇ ಇದು. ಫ್ರಾನ್ಸಿನಲ್ಲಂತೂ ಹೆರಿಗೆ ಆದಮೇಲೆ ಇದನ್ನು ಕಲಿಯೋಕೆ ಸರ್ಕಾರದ ವಿಮೆಯೇ ದುಡ್ಡು ಕೊಡುತ್ತದೆ.

ಇನ್ನೊಂದು ಸಣ್ಣ ಉಪಾಯ ಇದೆ. ಕೆಮ್ಮು ಬರುತ್ತದೆ ಅನ್ನಿಸಿದ ಕೂಡಲೇ, ಕೆಮ್ಮುವ ಮುಂಚೆ ಜೋಲಿಯನ್ನು ಬಿಗಿ ಮಾಡಿಕೊಳ್ಳುವುದು. ಭಾರ ಎತ್ತುವ ಮುಂಚೆಯೂ ಅಷ್ಟೇ. ವಯಸ್ಸಾದ ಹೆಂಗಸರಿಗೆ ಇದೊಂದನ್ನೇ ಕಲಿಸಿ, ಒಂದೇ ವಾರದಲ್ಲಿ ಸೋರಿಕೆ ಕಡಿಮೆ ಆದದ್ದನ್ನು 1998ರಲ್ಲಿ ಅಮೆರಿಕದ ಸಂಶೋಧಕರು ಅಳೆದು ತೋರಿಸಿದ್ದಾರೆ. ನಾನು ಗೊಬ್ಬರದ ಬುಟ್ಟಿಯ ಮುಂದೆ ನಿಂತು ಅಭ್ಯಾಸ ಮಾಡಿದೆ. ನಮ್ಮತ್ತೆ ದೂರದಿಂದ ನೋಡಿ, ಇವಳು ಬುಟ್ಟಿಯ ಮುಂದೆ ಎಂತ ಧ್ಯಾನ ಮಾಡುತ್ತಾಳೆ ಅಂತ ಕೇಳಿದರು. ಹೇಳಿದೆ. ಈಗ ಅವರೂ ಮಾಡುತ್ತಾರೆ.

ಸುಮ್ನೆ ಪವಾಡದ ಹಾಗೆ ಹೇಳುವುದಿಲ್ಲ. ಒಂದೂವರೆ ತಿಂಗಳು ಏನೂ ಗೊತ್ತಾಗಲಿಲ್ಲ. ಎರಡು ಸಲ ಬಿಟ್ಟೇಬಿಟ್ಟಿದ್ದೆ. ಬೆಳಿಗ್ಗೆ ದೋಸೆ ಹೊಯ್ಯುವಾಗ, ಮಧ್ಯಾಹ್ನ ಮಗು ಮಲಗಿದಾಗ, ರಾತ್ರಿ ಪಾತ್ರೆ ತೊಳೆಯುವಾಗ ಅಂತ ಹೊತ್ತು ಗೊತ್ತು ಮಾಡಿಕೊಂಡ ಮೇಲೆ ಅಭ್ಯಾಸ ಆಯಿತು. ಮೂರನೇ ತಿಂಗಳು ಒಂದು ದಿನ ಒಗ್ಗರಣೆಯ ಘಾಟಿಗೆ ಜೋರಾಗಿ ಸೀನಿದೆ. ಒದ್ದೆ ಆಗಲಿಲ್ಲ. ಬೇಕು ಅಂತಲೇ ಇನ್ನೊಂದು ಮೆಣಸಿನಕಾಯಿ ಎಣ್ಣೆಗೆ ಹಾಕಿ ಮತ್ತೆ ಸೀನಿದೆ. ಈಗಲೂ ಮಗಳ ಜೊತೆ ಹಗ್ಗದಾಟ ಆಡಿದರೆ ಎರಡು ಹನಿ ಬರುತ್ತದೆ. ಪ್ಯಾಡ್ ಮಾತ್ರ ಬಿಟ್ಟಿದ್ದೇನೆ.

ಎಲ್ಲ ಸೋರಿಕೆಗೂ ಇದೇ ಮದ್ದು ಅಲ್ಲ. ಹಗಲೂ ರಾತ್ರಿ ಬಿಡದೆ ಸೋರುತ್ತಿದ್ದರೆ, ಅದೂ ತುಂಬಾ ಕಷ್ಟದ ಹೆರಿಗೆಯ ನಂತರ, ಒಳಗೆ ತೂತು ಬಿದ್ದಿರಬಹುದು. ಅದಕ್ಕೆ ಆಪರೇಷನ್ ಬೇಕಾಗಬಹುದು. ಉರಿ, ಜ್ವರ, ರಕ್ತ ಇದ್ದರೆ ಸೋಂಕು ಇದೆಯಾ ನೋಡಬೇಕು. ಮೂತ್ರವೇ ಸರಿಯಾಗಿ ಬರದಿದ್ದರೆ, ತೊಡೆಸಂದು ಮರಗಟ್ಟಿದರೆ, ಕೆಳಗೆ ಏನೋ ಜಾರಿ ಬಂದ ಹಾಗೆ ಅನ್ನಿಸಿದರೆ ಡಾಕ್ಟರ್ ನೋಡಲೇಬೇಕು. ಹೆರಿಗೆಯಲ್ಲಿ ಹಿಂದಿನ ಸ್ನಾಯು ಹರಿದು ಮಲವನ್ನೂ ತಡೆಯೋಕಾಗದವರು ಇದ್ದಾರೆ, ಅವರು ಇನ್ನೂ ಮೌನ. ವ್ಯಾಯಾಮದಿಂದ ಸರಿ ಹೋಗದವರಿಗೆ ಶಸ್ತ್ರಚಿಕಿತ್ಸೆಯೂ ಇದೆ. ಯಾರಿಗೆ ಯಾವುದು ಅಂತ ವಿಂಗಡಿಸಬೇಕಾದರೆ ಮೊದಲು ಯಾರಾದರೂ ಕೇಳಬೇಕಲ್ಲ.

ನಾನು ಇಷ್ಟುದ್ದ ಬರೆದದ್ದು ಆ ಕೇಳುವ ಕೆಲಸಕ್ಕಾಗಿಯೇ. ಹೊಸ ಆಸ್ಪತ್ರೆ ಕಟ್ಟಿ ಅಂತ ಅರ್ಜಿ ಹಾಕುತ್ತಿಲ್ಲ. ನಿಮ್ಮ ಹತ್ತಿರ ಈಗಲೇ ಇರುವ ವ್ಯವಸ್ಥೆ ನೋಡಿ. ಆಸ್ಪತ್ರೆಯಲ್ಲಿ ಹೆರಿಗೆ ಆದ ತಾಯಿಯ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಹೋಗಬೇಕು. ನಮ್ಮ ಆಶಾ ಎಂಥ ಮಳೆಯಲ್ಲೂ ಕೊಡೆ ಹಿಡಿದು, ಸಂಕ ದಾಟಿ ಬಂದಿದ್ದಾರೆ. ಮಗುವಿನ ತೂಕ, ಮೈಯ ಬಿಸಿ, ಹೊಕ್ಕುಳು ನೋಡುತ್ತಾರೆ. ನನಗೆ ಜ್ವರ ಉಂಟಾ, ರಕ್ತಸ್ರಾವ ಉಂಟಾ ಅಂತ ಕೇಳಿದರು. ಇದೊಂದು ಕೇಳಲಿಲ್ಲ, ಯಾಕೆಂದರೆ ಅವರ ಫಾರಂನಲ್ಲಿ ಇದಕ್ಕೆ ಜಾಗ ಇಲ್ಲ.

ಆಮೇಲೆ ಮಗುವಿನ ಲಸಿಕೆ. 6ನೇ ವಾರ, 10ನೇ ವಾರ, 14ನೇ ವಾರ. ಬಾಣಂತನದ ನೆಪ ಹೇಳಿ ಎಲ್ಲಿಗೂ ಕಳಿಸದ ಮನೆಯವರೂ ಲಸಿಕೆಗೆ ಕಳಿಸುತ್ತಾರೆ. ತಾಯಿಯೇ ಮಗುವನ್ನು ಎತ್ತಿಕೊಂಡು ಬಂದು ಸಿಸ್ಟರ್ ಮುಂದೆ ಕೂರುತ್ತಾಳೆ. ಸಿಸ್ಟರ್ ಮಗುವಿನ ತೊಡೆ ನೋಡುತ್ತಾರೆ, ತಾಯಿಯ ಮುಖ ನೋಡುವುದಿಲ್ಲ. ಅವರ ತಪ್ಪಲ್ಲ, ಸಾಲು ಉದ್ದ ಇರುತ್ತದೆ. ಆದರೆ 14ನೇ ವಾರ ಅಂದರೆ ಮೂರು ತಿಂಗಳು ದಾಟಿರುತ್ತದೆ. ಹೆತ್ತ ಮೊದಲ ವಾರಗಳಲ್ಲಿ ಸೋರುವುದು ಅನೇಕರಿಗೆ ತಾನಾಗಿಯೇ ಕಡಿಮೆ ಆಗುತ್ತದೆ. ಮೂರು ತಿಂಗಳಾದರೂ ಸೋರುತ್ತಿದ್ದರೆ, ಹಾಗೇ ಬಿಟ್ಟಾಗ ಬಹುಪಾಲು ಜನಕ್ಕೆ ವರ್ಷಾನುಗಟ್ಟಲೆ ಉಳಿಯುತ್ತದೆ. ನಮ್ಮ ಅಂಗಳದ ನಲವತ್ತು ವರ್ಷದ ಲೆಕ್ಕ ಮೊದಲೇ ಹೇಳಿದೆನಲ್ಲ. ಅಂದರೆ ಯಾರಿಗೆ ಸಹಾಯ ಬೇಕೋ ಆ ತಾಯಿ ಸರಿಯಾದ ಹೊತ್ತಿಗೆ, ತಾನಾಗಿಯೇ ನಿಮ್ಮ ಎದುರು ಬಂದು ಕೂರುತ್ತಾಳೆ. ಕೇಳಬೇಕಾದ್ದು ಒಂದೇ ಸಾಲು: "ಕೆಮ್ಮಿದರೆ, ಸೀನಿದರೆ ಬಟ್ಟೆ ಒದ್ದೆ ಆಗುತ್ತಾ?"

ಈ ಮಾತಿನಲ್ಲೇ ಕೇಳಿ. "ಮೂತ್ರ ನಿಯಂತ್ರಣದ ಸಮಸ್ಯೆ ಇದೆಯೇ" ಅಂತ ಕೇಳಿದರೆ ಇಲ್ಲ ಅನ್ನುತ್ತಾರೆ. ನನ್ನನ್ನು ಕೇಳಿದ್ದರೂ ಇಲ್ಲ ಅನ್ನುತ್ತಿದ್ದೆ. ಜೊತೆಗೆ ಅತ್ತೆಯೋ ಗಂಡನೋ ನಿಂತಿದ್ದರೆ ಒಂದು ನಿಮಿಷ ಆಚೆ ಕಳಿಸಿ.

ಹೌದು ಅಂದವರಿಗೆ ಮುಂದೇನು? ಇಲ್ಲಿ ನಿಮ್ಮ ಸಹಾಯ ಬೇಕು. ಆಶಾ ಮತ್ತು ಸಿಸ್ಟರ್‌ಗಳಿಗೆ ಒಂದು ದಿನದ ತರಬೇತಿ ಕೊಡಿಸಿ. ಕೊಡುವವರು ಕಲಿತ ಹೆಣ್ಣು ಫಿಸಿಯೋಥೆರಪಿಸ್ಟ್ ಆಗಿರಲಿ, ಪರದೆಯ ಮೇಲೆ ಇಂಗ್ಲಿಷ್ ಚಿತ್ರ ತೋರಿಸಿ ಊಟ ಹಾಕಿ ಕಳಿಸುವ ತರಬೇತಿ ಬೇಡ. ಆಶಾಗಳಲ್ಲೂ ಹೆತ್ತವರೇ ಜಾಸ್ತಿ, ಅವರಿಗೆ ಮೊದಲು ತಮಗೇ ಉಪಯೋಗ ಆಗುತ್ತದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಹದಿನೈದು ದಿನಕ್ಕೊಮ್ಮೆ, ಮೆಗ್ಗಾನ್ ಆಸ್ಪತ್ರೆಯಲ್ಲಿ ವಾರಕ್ಕೊಮ್ಮೆ, ಇದಕ್ಕೇ ಅಂತ ಒಂದು ಹೊತ್ತು ಗೊತ್ತು ಮಾಡಿ. ಬಾಗಿಲು ಹಾಕುವ ಕೋಣೆ, ಒಂದು ಮಂಚ, ಕಲಿಸಲು ಒಬ್ಬರು. ಸರಿಯಾಗಿ ಎಳೆಯುತ್ತಿದ್ದಾಳಾ ಅಂತ ಒಂದು ಸಲ ನೋಡಿ ಹೇಳಿದರೂ ಎಷ್ಟೋ ಉಪಕಾರ. ಉಳಿದ ಉಸ್ತುವಾರಿ ಆಶಾ ಫೋನಿನಲ್ಲಿ ಮಾಡಬಹುದು, ಸಿಗ್ನಲ್ ಸಿಕ್ಕಿದ ಕಡೆ.

ಬಸುರಿಯರಿಗೂ ಹೇಳಬೇಕು. ಹೊಟ್ಟೆಯಲ್ಲಿ ಮಗು ಇರುವಾಗಲೇ ಈ ವ್ಯಾಯಾಮ ಶುರು ಮಾಡಿದವರಿಗೆ ಹೆರಿಗೆ ಆದಮೇಲೆ ಸೋರುವುದು ಕಡಿಮೆ. ಪ್ರತಿ ತಿಂಗಳು 9ನೇ ತಾರೀಕು ಬಸುರಿಯರ ತಪಾಸಣೆ ಇರುತ್ತದೆ. ಸ್ಕ್ಯಾನಿಂಗಿಗೆ, ರಕ್ತ ಪರೀಕ್ಷೆಗೆ ಅಂತ ಬೆಂಚಿನ ಮೇಲೆ ತಾಸುಗಟ್ಟಲೆ ಕಾಯುತ್ತಾರೆ. ಆ ಬೆಂಚಿನ ಮೇಲೇ ಕಲಿಸಬಹುದು, ಕೂತಲ್ಲೇ ಮಾಡುವ ವ್ಯಾಯಾಮ, ಪಕ್ಕದವರಿಗೂ ಗೊತ್ತಾಗುವುದಿಲ್ಲ. ತಾಯಿ ಕಾರ್ಡಿನಲ್ಲಿ ಒಂದು ಚಿತ್ರ, ನಾಲ್ಕು ಸಾಲು ಸೇರಿಸಿ. ಶ್ರೋಣಿತಳ ಅಂತ ಮಾತ್ರ ಬರೆಯಬೇಡಿ ದಯವಿಟ್ಟು.

ಸೂಜಿ ಶಿಬಿರದವರು, ಪ್ಯಾಕೇಜಿನವರು ನಮ್ಮ ಪೇಟೆಗಳಿಗೆ ಬರುತ್ತಲೇ ಇರುತ್ತಾರೆ. ಅವರನ್ನು ಓಡಿಸಿ ಅಂತ ಹೇಳುತ್ತಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಯಾರೂ ಕೇಳದೆ ಇದ್ದದ್ದಕ್ಕೇ ನಾನು ಅಲ್ಲಿಗೆ ಹೋಗಿದ್ದು. ಅಲ್ಲಿ ಕೊನೇ ಪಕ್ಷ ಅರ್ಧ ಗಂಟೆ ಕೂತು ನನ್ನ ಮಾತು ಕೇಳಿದರು.

ಇದು ನಿಮ್ಮ ಇಲಾಖೆಯದ್ದಲ್ಲ, ಆದರೂ ಬರೆದೇಬಿಡುತ್ತೇನೆ. ಬಸ್ ಸ್ಟ್ಯಾಂಡಿನ ಹೆಂಗಸರ ಶೌಚಾಲಯಕ್ಕೆ ಒಂದು ಚಿಲಕ, ಒಂದು ಕಸದ ಬುಟ್ಟಿ, ಒಂದು ಮೊಳೆ. ಮೊಳೆ ಯಾಕೆ ಅಂದರೆ ಚೀಲ ನೇತುಹಾಕಲು. ಮಗು ಒಂದು ಕೈಯಲ್ಲಿ, ಚೀಲ ಹಲ್ಲಿನಲ್ಲಿ ಕಚ್ಚಿಕೊಂಡು ಸೀರೆ ಎತ್ತುವ ಕಷ್ಟ ನಿಮ್ಮ ಮನೆಯ ಹೆಂಗಸರನ್ನು ಕೇಳಿ, ಹೇಳುತ್ತಾರೆ.

ನಮ್ಮ ಊರಿನ ಲಸಿಕೆ ದಿನ ಗುರುವಾರ. ಬರುವ ಗುರುವಾರ ನನ್ನ ನಾದಿನಿಯ ಮಗುವಿಗೆ 14ನೇ ವಾರದ ಲಸಿಕೆ. ನಾನೂ ಜೊತೆಗೆ ಹೋಗುತ್ತಿದ್ದೇನೆ. ಅಷ್ಟರೊಳಗೆ ನಿಮ್ಮ ಸುತ್ತೋಲೆ ಬರುವುದಿಲ್ಲ, ಗೊತ್ತು. ಸಿಸ್ಟರ್ ಕೇಳದಿದ್ದರೆ ಅಲ್ಲಿ ಸಾಲಿನಲ್ಲಿ ಕೂತ ತಾಯಂದಿರನ್ನು ನಾನೇ ಕೇಳುತ್ತೇನೆ. ಎಷ್ಟು ಜನ ಹೌದು ಅಂದರು ಅಂತ ಇನ್ನೊಂದು ಪತ್ರದಲ್ಲಿ ತಿಳಿಸುತ್ತೇನೆ.

ಇಂತಿ,
ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ತಾಯಿ